ಅಗ್ಗವಾದದ್ದು ಟ್ರ್ಯಾಕ್ಟರ್, ಅದರೊಳಗಿನ ಆಯಿಲ್ ಅಲ್ಲ

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 5 ಲಕ್ಷ ರೂಪಾಯಿ ಬೆಲೆಯ ಮಿನಿ ಟ್ರ್ಯಾಕ್ಟರ್ ಕೊಳ್ಳುವವರಿಗೆ ಇದರಿಂದ 35 ಸಾವಿರ ಉಳಿಯುತ್ತದೆ. ಟೈರು, ಬಿಡಿಭಾಗಗಳ ತೆರಿಗೆಯೂ ಶೇ 18ರಿಂದ 5ಕ್ಕೆ ಬಂದಿದೆ. ರೈತನ ಕೈಗೆ ಸಿಕ್ಕ ಈ ರಿಯಾಯಿತಿಯ ಬಗ್ಗೆ ತಕರಾರಿಲ್ಲ. ಆದರೆ ಎಂಜಿನ್ ಆಯಿಲ್, ಗೇರ್ ಆಯಿಲ್ ಮೇಲಿನ ಶೇ 18 ಕದಲಲಿಲ್ಲ. ಗಾಡಿ ಕೊಳ್ಳುವುದು ಸಲೀಸಾಯಿತು, ಆಯಿಲಿನ ಖರ್ಚು ಇದ್ದಲ್ಲೇ ಇದೆ.

ರಿಯಾಯಿತಿಯ ಕಾಲದಲ್ಲಿ ಅಂಗಳಕ್ಕೆ ಬಂದ ಈ ಪುಟ್ಟ ಟ್ರ್ಯಾಕ್ಟರುಗಳು ಫ್ರೀ ಸರ್ವಿಸಿನ ಕೂಪನ್ ಮುಗಿಸಿ, ವಾರಂಟಿ ದಾಟಿ, ಸಾವಿರ ಗಂಟೆಯ ಹತ್ತಿರ ಬರಲು ಬಹಳ ವರ್ಷ ಬೇಕಿಲ್ಲ. ಆಯಿಲ್, ಕೂಲಂಟ್ ವಿಷಯದಲ್ಲಿ ನಮ್ಮ ಹಳ್ಳಿಗಳ ಈಗಿನ ರೂಢಿಯೇ ಮುಂದುವರಿದರೆ ಇವುಗಳಲ್ಲಿ ಹಲವು ಬ್ಯಾಂಕಿನ ಕಂತು ತೀರುವ ಮುಂಚೆಯೇ ಎಂಜಿನ್ ಬಿಚ್ಚಿಸಿಕೊಂಡು ಶೆಡ್ಡಿನ ಮೂಲೆ ಹಿಡಿಯಲಿವೆ. ಇನ್ನೂ ಹಾಗಾಗಿಲ್ಲ. ಆಗುವ ಮೊದಲೇ ಹೇಳಬೇಕಾದ ಮಾತಿದು.

ಕೊಳ್ಳುತ್ತಿರುವವರು ಯಾರೆಂದು ನೋಡಿದರೆ ಆತಂಕ ಯಾಕೆಂದು ಅರ್ಥವಾಗುತ್ತದೆ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು, ಕುಷ್ಟಗಿ, ಹಿರಿಯೂರಿನ ದಾಳಿಂಬೆಯವರು, ಚನ್ನಗಿರಿಯ ಅಡಿಕೆ ತೋಟದವರು, ಶಿಡ್ಲಘಟ್ಟದ ಹಿಪ್ಪುನೇರಳೆ ಬೆಳೆಯುವವರು. ಸಾಲಿನ ನಡುವೆ ನುಗ್ಗಬಲ್ಲ 15ರಿಂದ 30 ಎಚ್‌ಪಿಯ ಗಾಡಿ ಇವರಿಗೆ ಬೇಕು. ಇವರಲ್ಲಿ ಬಹಳ ಮಂದಿ ಎತ್ತಿನಿಂದಲೋ ಟಿಲ್ಲರಿನಿಂದಲೋ ನೇರವಾಗಿ ಟ್ರ್ಯಾಕ್ಟರಿಗೆ ಬಂದವರು. ಕರ್ನಾಟಕಕ್ಕೆ ಟಿಲ್ಲರ್ ಹೊಸದಲ್ಲ. ವಿಎಸ್‌ಟಿ ಕಂಪನಿ 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನದೊಂದಿಗೆ ಶುರುವಾದಾಗಿನಿಂದ ಅದು ನಮ್ಮ ಗದ್ದೆಗಳ ಪರಿಚಿತ ಸದ್ದು. ಒಂದೇ ಸಿಲಿಂಡರಿನ ಆ ಎಂಜಿನ್ ಒರಟು ಜೀವ, ಅಷ್ಟಿಷ್ಟು ಅಲಕ್ಷ್ಯವನ್ನು ಸಹಿಸಿಕೊಂಡು ಓಡುತ್ತಿತ್ತು. ಟಿಲ್ಲರಿನ ಕಾಲದ ಅಭ್ಯಾಸವನ್ನೇ ಮಿನಿ ಟ್ರ್ಯಾಕ್ಟರಿಗೂ ತಂದಿರುವುದು ಈಗಿನ ತೊಂದರೆ. ಗಾಡಿ ಮನೆಗೆ ಬಂದ ದಿನ ತೆಂಗಿನಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡುತ್ತೇವೆ. ಜತೆಗೆ ಬಂದ ಪುಸ್ತಕ ಮಾತ್ರ ಪ್ಲಾಸ್ಟಿಕ್ ಕವರಿನ ಸಮೇತ ಬೀರು ಸೇರುತ್ತದೆ. ಅದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇದ್ದರೆ ರೈತನನ್ನು ದೂರಿ ಫಲವೂ ಇಲ್ಲ.

ಗಾಡಿ ಚಿಕ್ಕದು, ಹಾಗಾಗಿ ಉಪಚಾರವೂ ಕಡಿಮೆ ಸಾಕು ಎಂಬ ನಂಬಿಕೆ ಊರೂರಲ್ಲಿದೆ. ನಿಜಸ್ಥಿತಿ ಉಲ್ಟಾ. ದೊಡ್ಡ ಟ್ರ್ಯಾಕ್ಟರಿನ ಎಂಜಿನ್ ನಿಮಿಷಕ್ಕೆ 2,000–2,200 ಸುತ್ತಿನಲ್ಲಿ ನಿಧಾನಕ್ಕೆ ದುಡಿಯುತ್ತದೆ, ಅದರ ಹೊಟ್ಟೆಯಲ್ಲಿ ಏಳೆಂಟು ಲೀಟರ್ ಆಯಿಲ್ ಇರುತ್ತದೆ. ಮಿನಿ ಟ್ರ್ಯಾಕ್ಟರಿನ ಎಂಜಿನ್ 2,300ರಿಂದ 2,700 ಸುತ್ತಿನವರೆಗೂ ಹೋಗುತ್ತದೆ, ಇರುವ ಆಯಿಲ್ ಮೂರರಿಂದ ಐದು ಲೀಟರ್. ಇರುವ ಸ್ವಲ್ಪ ಆಯಿಲೇ ಹೆಚ್ಚು ಸಲ ಸುತ್ತಿ, ಹೆಚ್ಚು ಕಾಯಿಸಿಕೊಂಡು, ಹೆಚ್ಚು ಮಸಿ ಹೊರಬೇಕು. ಅರ್ಧ ಲೀಟರ್ ಕಡಿಮೆಯಾದರೆ ದೊಡ್ಡ ಗಾಡಿಗೆ ಅದು ಲೆಕ್ಕಕ್ಕಿಲ್ಲ, ಮೂರು ಲೀಟರಿನ ಗಾಡಿಗೆ ಆರನೇ ಒಂದು ಪಾಲು ಹೋದಂತೆ.

ಎಂಜಿನ್ ಬೇಗ ಕೆಡಲು ಗಂಟೆಯ ಲೆಕ್ಕ ತಪ್ಪುವುದು ಇನ್ನೊಂದು ಕಾರಣ. ಹೊಸ ಗಾಡಿಗೆ ಮೊದಲ 50 ಗಂಟೆಗೆ, ಆಮೇಲೆ ಮಾದರಿಗೆ ತಕ್ಕಂತೆ ಸುಮಾರು 200–250 ಗಂಟೆಗೊಮ್ಮೆ ಎಂಜಿನ್ ಆಯಿಲ್ ಬದಲಿಸಬೇಕೆಂಬುದು ಸಾಮಾನ್ಯ ಲೆಕ್ಕ. ವಿಜಯಪುರದ ದ್ರಾಕ್ಷಿ ತೋಟವನ್ನೇ ತೆಗೆದುಕೊಳ್ಳಿ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರು ಒಡೆಯುವ ಹೊತ್ತಿಗೆ ಹಿಂಗಾರಿನ ಒಂದು ಮಳೆ ಬಿದ್ದರೆ ಡೌನಿ ರೋಗದ ಭಯಕ್ಕೆ ದಿನ ಬಿಟ್ಟು ದಿನ ಔಷಧಿ ಹೊಡೆಯಬೇಕು. ಬ್ಲೋವರ್ ತಿರುಗಿಸುವ ಪಿಟಿಒ ಶಾಫ್ಟಿಗೆ ನಿಮಿಷಕ್ಕೆ 540 ಸುತ್ತು ಬೇಕು, ಎಂದರೆ ಎಂಜಿನ್ ಗಂಟೆಗಟ್ಟಲೆ ಏರಿದ ವೇಗದಲ್ಲೇ ಇರಬೇಕು. ಔಷಧಿ, ಕುಂಟೆ, ಗೊಬ್ಬರ ಸಾಗಣೆ ಎಲ್ಲ ಸೇರಿ ದಿನಕ್ಕೆ ನಾಲ್ಕು ಗಂಟೆಯಂತೆ ಎರಡು ತಿಂಗಳು ಓಡಿದರೆ 240 ಗಂಟೆ. ಒಂದು ಪೂರ್ತಿ ಆಯಿಲಿನ ಆಯುಷ್ಯ ಒಂದೇ ಹಂಗಾಮಿನಲ್ಲಿ ಮುಗಿಯಿತು. ರೈತನ ಮನಸ್ಸಿನಲ್ಲಿ ಮಾತ್ರ ‘ಮೊನ್ನೆ ದಸರಾಕ್ಕೆ ಹಾಕಿಸಿದ್ದು’ ಎಂದೇ ಇರುತ್ತದೆ. ಇನ್ನೊಂದು ಕಡೆ ಎರಡೆಕರೆ ಅಡಿಕೆ ತೋಟದವರ ಗಾಡಿ ವರ್ಷಕ್ಕೆ ನೂರು ಗಂಟೆಯೂ ಓಡಿರುವುದಿಲ್ಲ. ಅವರು ಮೀಟರ್ ನೋಡಿಕೊಂಡು ಎರಡು ವರ್ಷ ಕಾಯುತ್ತಾರೆ. ನಿಂತ ಗಾಡಿಯ ಆಯಿಲ್ ಕೂಡ ತೇವ ಹೀರಿ ಹುಳಿಯಾಗುತ್ತದೆ. ಗಂಟೆ ತುಂಬದಿದ್ದರೂ ವರ್ಷಕ್ಕೊಮ್ಮೆ ಬದಲಿಸಲೇಬೇಕು. ಅವರ್ ಮೀಟರಿನ ಕೇಬಲ್ ತುಂಡಾಗಿ ಮುಳ್ಳು ನಿಂತೇ ಹೋಗಿದ್ದರಂತೂ ಯಾವ ಲೆಕ್ಕವೂ ಇಲ್ಲ. ಕೆಲವೇ ನೂರು ರೂಪಾಯಿಯ ಆ ಕೇಬಲ್ ಹಾಕಿಸುವುದಕ್ಕೆ ನಮ್ಮವರು ತೋರುವ ಉದಾಸೀನ ಆಶ್ಚರ್ಯ ಹುಟ್ಟಿಸುತ್ತದೆ.

ಫ್ರೀ ಸರ್ವಿಸ್ ಎಂಬುದರಲ್ಲೂ ಒಂದು ಮರೆಮಾಚಿದ ಸಂಗತಿ ಇದೆ. ಸಾಮಾನ್ಯವಾಗಿ ಅಲ್ಲಿ ಫ್ರೀ ಇರುವುದು ಕೂಲಿ ಮಾತ್ರ. ಆಯಿಲ್, ಫಿಲ್ಟರಿನ ದುಡ್ಡು ರೈತನದೇ. ಷೋರೂಮಿಗೆ ಹೋದ ಮೇಲೆ ಬಿಲ್ ನೋಡಿ ಬೇಸರಪಟ್ಟವರು ಎರಡನೇ ಸಲ ಅತ್ತ ಸುಳಿಯುವುದಿಲ್ಲ. ಆಯಿಲ್ ಅಂಗಡಿಯಿಂದ ಎರಡು ಲೀಟರ್ ತಂದು ಮೇಲಿಂದ ಸುರಿದುಕೊಂಡು ದಿನ ದೂಡುತ್ತಾರೆ. ಸರ್ವಿಸ್ ದಾಖಲೆ ಇಲ್ಲದ ಕಾರಣಕ್ಕೆ ವಾರಂಟಿ ಕೈತಪ್ಪಿದ್ದು ಗೊತ್ತಾಗುವುದು ಪಿಸ್ಟನ್ ಹಿಡಿದ ದಿನ.

ಮೇಲಿಂದ ಸುರಿಯುವ ಈ ಚಾಳಿಯ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಆಯಿಲ್ ಬರೀ ಜಾರಿಕೆಗೆ ಇರುವುದಲ್ಲ. ಉರಿದ ಮಸಿ, ಸವೆದ ಲೋಹದ ಪುಡಿ, ಆಮ್ಲ ಎಲ್ಲವನ್ನೂ ಅದು ತನ್ನಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಹಿಡಿದುಕೊಳ್ಳುವ ತಾಕತ್ತು ಮುಗಿದ ಮೇಲೆ ಅರ್ಧ ಲೀಟರ್ ಹೊಸದು ಸೇರಿಸಿದರೆ ಹಳೆಯ ಕೊಳೆ ಎಲ್ಲಿಗೂ ಹೋಗುವುದಿಲ್ಲ. ಪೂರ್ತಿ ಇಳಿಸಬೇಕು. ಗಾಡಿ ಬಿಸಿಯಿರುವಾಗಲೇ ಇಳಿಸಬೇಕು, ಫಿಲ್ಟರನ್ನೂ ಜತೆಗೇ ಬದಲಿಸಬೇಕು. ಹೊಸ ಆಯಿಲ್ ಹಾಕಿ ಹಳೆ ಫಿಲ್ಟರ್ ಬಿಟ್ಟರೆ ಅರ್ಧ ಕೆಲಸ.

ಬಣ್ಣ ನೋಡಿ ಆಯಿಲ್ ಅಳೆಯುವುದು ಇನ್ನೊಂದು ತಪ್ಪು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿಯುವ ಕೆಲಸ ಶುರುವಾಗಿದೆ ಎಂದಷ್ಟೇ ಅದರರ್ಥ. ‘ಮೊನ್ನೆ ಹಾಕಿದ್ದು, ಆಗಲೇ ಕಪ್ಪಾಯ್ತು, ಮೆಕ್ಯಾನಿಕ್ ಮೋಸ ಮಾಡಿದ’ ಎಂದು ಜಗಳಕ್ಕೆ ಹೋಗಬೇಕಿಲ್ಲ. ನೋಡಬೇಕಾದ್ದು ಆಯಿಲ್ ಅಳೆಯುವ ಕಡ್ಡಿಯ (ಡಿಪ್‌ಸ್ಟಿಕ್) ಮಟ್ಟವನ್ನು. ಗಾಡಿಯನ್ನು ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿಯ ಸುತ್ತಲಿನ ಮಣ್ಣು ಒರೆಸಿ, ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಬಿಟ್ಟು ನೋಡಬೇಕು. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಎಂಜಿನ್ ಆಯಿಲ್ ಕುಡಿಯುತ್ತಿದೆ. ಇದು ಎಲ್ಲರಿಗೂ ಗೊತ್ತು. ಮಟ್ಟ ಏರಿದ್ದರೆ? ಬಹಳ ಜನ ಖುಷಿಪಡುತ್ತಾರೆ, ‘ನಮ್ಮ ಗಾಡಿ ಆಯಿಲ್ ತಿನ್ನೋದೇ ಇಲ್ಲ’ ಎಂದು. ಹಾಕದೆಯೇ ಆಯಿಲ್ ಏರುವುದು ಹೇಗೆ? ಇಂಜೆಕ್ಟರಿನಿಂದಲೋ ಪಂಪಿನಿಂದಲೋ ಡೀಸೆಲ್ ಇಳಿಯುತ್ತಿರಬೇಕು, ಅಥವಾ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಸೇರುತ್ತಿರಬೇಕು. ಡೀಸೆಲ್ ಬೆರೆತರೆ ಕಡ್ಡಿಯಲ್ಲಿ ವಾಸನೆ ಬರುತ್ತದೆ, ಆಯಿಲ್ ಬೆರಳಿಗೆ ತೆಳ್ಳಗೆ ಹತ್ತುತ್ತದೆ. ನೀರು ಬೆರೆತರೆ ಬಿಳಿಚಿಕೊಂಡು ನೊರೆನೊರೆಯಾಗಿರುತ್ತದೆ. ಎರಡರಲ್ಲಿ ಯಾವುದೇ ಆದರೂ ಬೇರಿಂಗಿಗೆ ಉಳಿಗಾಲವಿಲ್ಲ.

ಇಷ್ಟಾದರೂ ಎಂಜಿನ್ ಆಯಿಲ್ ಬಗ್ಗೆ ರೈತರಿಗೆ ಒಂದು ಮಟ್ಟದ ಅರಿವಿದೆ. ಕತ್ತಲಿರುವುದು ಸೀಟಿನ ಕೆಳಗೆ. ಈಗಿನ ಬಹುತೇಕ ಮಿನಿ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸು, ಡಿಫರೆನ್ಷಿಯಲ್ಲು, ಹೈಡ್ರಾಲಿಕ್ ಲಿಫ್ಟು ಮೂರಕ್ಕೂ ಒಂದೇ ಆಯಿಲ್. ಎಷ್ಟೋ ಮಾದರಿಗಳಲ್ಲಿ ಬ್ರೇಕಿನ ತಟ್ಟೆಗಳೂ ಅದೇ ಆಯಿಲಿನಲ್ಲಿ ಮುಳುಗಿರುತ್ತವೆ. ಹತ್ತು ಹದಿನೈದು ಲೀಟರಿನಿಂದ ಇಪ್ಪತ್ತರವರೆಗೂ ಹಿಡಿಯುತ್ತದೆ. ಬದಲಿಸುವ ಅವಧಿ ಮಾದರಿಗೆ ತಕ್ಕಂತೆ 600ರಿಂದ 1,000 ಗಂಟೆ. ಒಂದೇ ಸಲಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೀಳುವ ಖರ್ಚಾದ್ದರಿಂದ ‘ಮುಂದಿನ ಫಸಲಿಗೆ ನೋಡೋಣ’ ಎಂದು ಮುಂದೂಡುತ್ತಾರೆ. ಬದಲಿಸಿದವರೂ ಅಂಗಡಿಗೆ ಹೋಗಿ ಕೇಳುವುದು ‘ತೊಂಬತ್ತರ ಆಯಿಲ್’, ಎಂದರೆ 90 ದರ್ಜೆಯ ದಪ್ಪ ಗೇರ್ ಆಯಿಲ್. ದಪ್ಪಗಿದ್ದಷ್ಟೂ ಒಳ್ಳೆಯದು, ಬೆಲೆಯೂ ಕಡಿಮೆ ಎಂಬ ಲೆಕ್ಕ.

ಇಲ್ಲಿಯೇ ಜೀವಕ್ಕೆ ಅಪಾಯ ಬರುವುದು. ತೊಂಬತ್ತರ ಗೇರ್ ಆಯಿಲ್ ಹಳೆಯ ಗೇರ್ ಬಾಕ್ಸಿಗೆ ಸರಿ. ಆಯಿಲಿನಲ್ಲಿ ಮುಳುಗಿದ ಬ್ರೇಕಿಗೆ ಬೇಕಾದ್ದು ಬೇರೆ. ತಟ್ಟೆ ತಟ್ಟೆಗೆ ಹಿಡಿಯಬೇಕು, ಆದರೆ ಕಿರುಗುಟ್ಟಬಾರದು, ಜಾರಲೂಬಾರದು. ಅದಕ್ಕೆಂದೇ ರಾಸಾಯನಿಕ ಸೇರಿಸಿದ ‘ಯುಟಿಟಿಒ’ ಎಂಬ ದರ್ಜೆಯ ಆಯಿಲ್ ಬೇರೆ ಸಿಗುತ್ತದೆ. ತಪ್ಪು ಆಯಿಲ್ ಹಾಕಿದರೆ ತಟ್ಟೆಗಳು ನುಣುಪಾಗಿ ಹಿಡಿತ ಬಿಡುತ್ತವೆ. ಒಂದೇ ದಿನದಲ್ಲಿ ಅಲ್ಲ, ತಿಂಗಳುಗಟ್ಟಲೆ ಸದ್ದಿಲ್ಲದೆ. ‘ಆಯಿಲ್ ಬ್ರೇಕು ಸಾರ್, ಮೆಂಟೆನೆನ್ಸ್ ಇಲ್ಲ’ ಎಂದು ಮಾರುವವರು ಹೇಳುವ ಮಾತನ್ನು ನಂಬಿ ಕೊಪ್ಪ, ಶೃಂಗೇರಿಯ ಇಳಿಜಾರಿನಲ್ಲಿ ಅಡಿಕೆ ತುಂಬಿದ ಟ್ರಾಲಿ ಕಟ್ಟಿಕೊಂಡು ಇಳಿಯುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಪೆಡಲ್ ಒತ್ತಿದಾಗ ಕಿರ್ ಎಂಬ ಸದ್ದು ಬಂದರೆ, ಮೊದಲಿಗಿಂತ ಆಳಕ್ಕೆ ಒತ್ತಬೇಕಾಗಿ ಬಂದರೆ, ಅವತ್ತಿಗೆ ಟ್ರಾಲಿ ಬಿಚ್ಚಿಡಬೇಕು. ಲಿಫ್ಟು ಬಿಸಿಯಾದ ಮೇಲೆ ರೋಟಾವೇಟರನ್ನು ಎತ್ತಲು ತಿಣುಕಿದರೆ, ಎತ್ತಿದ್ದು ನಿಧಾನಕ್ಕೆ ಕುಸಿದರೆ, ಪಂಪು ಕುಂಯ್ ಎಂದು ಕೂಗಿದರೆ ಆಯಿಲ್ ಕಡಿಮೆಯಾಗಿದೆ ಅಥವಾ ಫಿಲ್ಟರ್ ಕಟ್ಟಿಕೊಂಡಿದೆ.

ಈ ಆಯಿಲ್ ಕೆಡಲು ಕಾಣದ ಒಂದು ದಾರಿಯೂ ಇದೆ. ಪಕ್ಕದ ಮನೆಯವರ ಟಿಪ್ಪಿಂಗ್ ಟ್ರಾಲಿಯನ್ನು ಒಂದು ದಿನಕ್ಕೆಂದು ಕಡ ತಂದು ಹೈಡ್ರಾಲಿಕ್ ಪೈಪ್ ಸಿಕ್ಕಿಸುತ್ತೇವೆ. ಟ್ರಾಲಿ ಎತ್ತುವಾಗ ನಮ್ಮ ಆಯಿಲ್ ಅದರ ಸಿಲಿಂಡರಿಗೆ ಹೋಗುತ್ತದೆ, ಇಳಿಸುವಾಗ ಅವರ ಟ್ರಾಲಿಯೊಳಗಿದ್ದ ಆಯಿಲ್ ನಮ್ಮ ಗೇರ್ ಬಾಕ್ಸಿಗೆ ಬರುತ್ತದೆ, ಅವರ ಮರಳು, ತುಕ್ಕು, ನೀರಿನ ಸಮೇತ. ಪೈಪಿನ ತುದಿ ಒರೆಸದೆ ಸಿಕ್ಕಿಸಿದರೆ ಮಣ್ಣನ್ನು ಕೈಯಾರೆ ಒಳಗೆ ತುಂಬಿದಂತೆಯೇ. ಕಡ ಕೊಡುವುದು, ತರುವುದು ಹಳ್ಳಿಯ ಒಳ್ಳೆಯ ಗುಣ, ಅದನ್ನು ಬಿಡಿ ಎನ್ನುತ್ತಿಲ್ಲ. ತುದಿ ಒರೆಸಿ, ವಾಪಸ್ ಕೊಟ್ಟ ಮೇಲೆ ಮಟ್ಟ ನೋಡಿ.

ಫೋರ್ ವೀಲ್ ಡ್ರೈವ್ ಇರುವ ಗಾಡಿಯ ಮುಂದಿನ ಆಕ್ಸಲಿಗೆ ಬೇರೆಯೇ ಆಯಿಲ್ ಇದೆ ಎಂಬುದು ಎಷ್ಟೋ ಮಾಲೀಕರಿಗೆ ತಿಳಿದಿಲ್ಲ. ಅದಕ್ಕೆ ಕಡ್ಡಿ ಇಲ್ಲದೆ ಬರೀ ಬೋಲ್ಟಿನಂಥ ಪ್ಲಗ್ ಇರುವ ಮಾದರಿಗಳೇ ಹೆಚ್ಚು. ನೋಡದಿದ್ದರೆ ಕಾಣುವುದೇ ಇಲ್ಲ. ತೋಟದ ಗಾಡಿಗೆ ಅಲ್ಲಿನ ಶತ್ರು ಡ್ರಿಪ್ ಪೈಪಿನ ತುಂಡು, ಪ್ಲಾಸ್ಟಿಕ್ ಹಗ್ಗ, ದ್ರಾಕ್ಷಿ ಚಪ್ಪರದ ತಂತಿ. ಇವು ಚಕ್ರದ ಒಳಮಗ್ಗುಲಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತವೆ. ಆಯಿಲ್ ಹೊರಗೆ ಸೋರುತ್ತದೆ, ಗದ್ದೆಯ ಕೆಸರು ನೀರು ಒಳಗೆ ಇಳಿಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಕೆಸರು ಹೂಟಿಗೆ ಇಳಿಸುವ ಗಾಡಿಗಳಲ್ಲಂತೂ ನಾಟಿ ಮುಗಿದ ಕೂಡಲೇ ಆ ಪ್ಲಗ್ ಬಿಚ್ಚಿ ನೋಡಬೇಕು. ಬಿಳಿಚಿಕೊಂಡಿದ್ದರೆ ಇಳಿಸಿಬಿಡಿ, ಹಿಡಿಯುವುದೇ ಸ್ವಲ್ಪ, ಖರ್ಚು ದೊಡ್ಡದಲ್ಲ. ಗೇರು ಹಲ್ಲು ಮುರಿದರೆ ಖರ್ಚು ದೊಡ್ಡದು.

‘ನಮ್ಮ ಕಡೆ ಹಿಮ ಬೀಳುತ್ತಾ, ಕೂಲಂಟ್ ಯಾಕೆ?’ ಎಂಬ ಪ್ರಶ್ನೆಗೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ, ವಿಜಯಪುರದಲ್ಲಿ ಈ ಪ್ರಶ್ನೆ ಕೇಳುವವರ ಮನೆಯ ಸೋಲಾರ್ ಹೀಟರಿನ ಕೊಳವೆಯಲ್ಲಿ ಬಿಳಿ ಗಾರೆ ಕಟ್ಟಿರುತ್ತದೆ. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ಅದೇ ಗಾರೆ ಎಂಜಿನ್ನಿನ ಒಳಗೋಡೆಗೂ ಕಟ್ಟುತ್ತದೆ. ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ಕೂಲಂಟಿನಲ್ಲಿರುವ ಗ್ಲೈಕಾಲ್ ಕುದಿಯುವ ಬಿಂದುವನ್ನು ಏರಿಸುತ್ತದೆ, ಅದರಲ್ಲಿನ ಇತರ ರಾಸಾಯನಿಕಗಳು ತುಕ್ಕು ತಡೆಯುತ್ತವೆ. ಹಿಮದಲ್ಲಿ ಹೆಪ್ಪುಗಟ್ಟದಿರುವುದು ನಮ್ಮ ಪಾಲಿಗೆ ಅದರ ಅತಿ ಸಣ್ಣ ಉಪಯೋಗ. ಬೆರೆಸಿಯೇ ಬರುವ ಕೂಲಂಟ್ ಕೊಂಡರೆ ತಲೆನೋವಿಲ್ಲ. ಗಟ್ಟಿ ಕೂಲಂಟ್ ಆದರೆ ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇಳಿಸಿ ಹೊಸದು ತುಂಬಬೇಕು. ಹೊಲದ ನಡುವೆ ನೀರು ಕಡಿಮೆಯಾಗಿ ಬೇರೆ ದಾರಿಯಿಲ್ಲದೆ ಬಾವಿ ನೀರು ಹಾಕಿದರೆ ಹಾಕಿ, ಆದರೆ ಮನೆ ಸೇರಿದ ಮೇಲೆ ಅದನ್ನು ಇಳಿಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ ಎಂದು ಎಷ್ಟು ಹೇಳಿದರೂ ಮುಖ ಸುಟ್ಟುಕೊಳ್ಳುವವರು ಕಡಿಮೆಯಾಗಿಲ್ಲ. ರೇಡಿಯೇಟರಿನ ಮುಂದಿನ ಜಾಲರಿಗೆ ಒಣಗಿದ ಎಲೆ, ಔಷಧಿಯ ಪುಡಿ ಮೆತ್ತಿಕೊಂಡಿದ್ದರೆ ಒಳಗೆ ಎಂಥ ಕೂಲಂಟ್ ಇದ್ದರೂ ದಂಡ.

ಡೀಸೆಲ್ ವಿಷಯ ಚಿಕ್ಕದು. ಕ್ಯಾನಿನಲ್ಲಿ ತಂದಿಟ್ಟ ಡೀಸೆಲಿನ ತಳದ ನೀರು, ಕಸ ಟ್ಯಾಂಕಿಗೆ ಹೋಗದಂತೆ ಶೋಧಿಸಿ ಹಾಕಿ, ಸಂಜೆಯೇ ಟ್ಯಾಂಕ್ ತುಂಬಿಸಿಡಿ, ಫಿಲ್ಟರಿನ ಬಟ್ಟಲಿನಲ್ಲಿ ಕೂತ ನೀರನ್ನು ಬಿಟ್ಟುಬಿಡಿ. ಏರ್ ಕ್ಲೀನರ್ ಆಯಿಲ್ ಬಟ್ಟಲಿನದಾದರೆ ಕೆಂಪು ಧೂಳಿನ ದಿನಗಳಲ್ಲಿ ಆ ಆಯಿಲನ್ನೂ ಮೇಲಿಂದ ಮೇಲೆ ಬದಲಿಸಬೇಕು. ಒಣ ಕಾಗದದ್ದಾದರೆ ನೀರಿನಲ್ಲಿ ತೊಳೆಯಲೇಬಾರದು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್.

ನಕಲಿ ಆಯಿಲಿನ ಪಿಡುಗೂ ಇದರ ಜತೆಗಿದೆ. ಹೆಸರಾಂತ ಕಂಪನಿಗಳ ಖಾಲಿ ಡಬ್ಬಿಗೆ ಶೋಧಿಸಿದ ಹಳೆ ಆಯಿಲ್ ತುಂಬಿ ಮಾರುವ ದಂಧೆ ಬದುಕಿರುವುದು ನಾವು ಡಬ್ಬಿಯನ್ನು ಇಡಿಯಾಗಿ ಗುಜರಿಗೆ ಹಾಕುವುದರಿಂದ. ಸೀಲ್ ನೋಡಿ ಕೊಳ್ಳಿ, ಬಿಲ್ ಕೇಳಿ, ಖಾಲಿಯಾದ ಡಬ್ಬಿಗೆ ತೂತು ಹೊಡೆಯಿರಿ. ಇಳಿಸಿದ ಆಯಿಲನ್ನು ಬೇಲಿಯ ಕಂಬಕ್ಕೆ ಬಳಿಯುವುದು, ಕಾಲುವೆಗೆ ಚೆಲ್ಲುವುದು ನಮ್ಮ ಇನ್ನೊಂದು ರೂಢಿ. 2016ರ ಕೇಂದ್ರ ನಿಯಮಗಳ ಪ್ರಕಾರ ಇಳಿಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ 2024ರ ಏಪ್ರಿಲ್‌ನಿಂದ ಆಯಿಲ್ ತಯಾರಕರ ಮೇಲೂ ಇದೆ. ಆ ಹೊಣೆ ಹೋಬಳಿ ಮಟ್ಟದ ಆಯಿಲ್ ಅಂಗಡಿಯವರೆಗೆ ಇಳಿದು ಬಂದಿಲ್ಲ.

ಎಲ್ಲವನ್ನೂ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರ್ಕಾರ ಮಿನಿ ಟ್ರ್ಯಾಕ್ಟರಿಗೆ ಸಹಾಯಧನ ಕೊಡುತ್ತದೆ, ಫಲಾನುಭವಿಯ ಫೋಟೊ ತೆಗೆಸುತ್ತದೆ. ಆ ಗಾಡಿ ಮೂರು ವರ್ಷದ ನಂತರ ಓಡುತ್ತಿದೆಯೇ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಧಾರವಾಡದ ಕೃಷಿ ಮೇಳದಲ್ಲೂ ಬೆಂಗಳೂರಿನ ಜಿಕೆವಿಕೆ ಮೇಳದಲ್ಲೂ ಹೊಸ ಟ್ರ್ಯಾಕ್ಟರಿನ ಮುಂದೆ ಸೆಲ್ಫಿಗೆ ಸಾಲು ನಿಲ್ಲುತ್ತದೆ. ಪಕ್ಕದಲ್ಲೇ ಒಂದು ಹಳೆ ಗಾಡಿಯನ್ನು ಬಿಚ್ಚಿಟ್ಟು, ಆಯಿಲ್ ಎಲ್ಲೆಲ್ಲಿದೆ, ಕೆಟ್ಟರೆ ಹೇಗೆ ಕಾಣುತ್ತದೆ ಎಂದು ತೋರಿಸುವ ಮಳಿಗೆ ಹಾಕಲು ದೊಡ್ಡ ಬಜೆಟ್ ಬೇಕಿಲ್ಲ. ರಾಯಚೂರಿನಲ್ಲಿ ಕೃಷಿ ಎಂಜಿನಿಯರಿಂಗ್ ಕಾಲೇಜೇ ಇದೆ. ಬಳ್ಳಾರಿ, ಪಾವಗಡದವರಿಗೆ ದೂರವಲ್ಲದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಸಹಾಯಧನ ಪಡೆಯುವವರಿಗೆ ಇಂಥ ಕಡೆ ಒಂದೆರಡು ದಿನದ ತರಬೇತಿಯನ್ನು ಕಡ್ಡಾಯ ಮಾಡಲು ಅಡ್ಡಿ ಏನು? ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳ ಗಾಡಿಗಳ ಸರ್ವಿಸ್ ದಾಖಲೆಯನ್ನು ಕೇಂದ್ರದ ಗೋಡೆಗೆ ಅಂಟಿಸಬೇಕು. ನೂರು ಕೈ ಓಡಿಸುವ ಗಾಡಿಯ ಆಯಿಲನ್ನು ತನ್ನದೆಂದು ನೋಡುವವರು ಯಾರೂ ಇರುವುದಿಲ್ಲ.

ಕಂಪನಿಗಳು ಕರ್ನಾಟಕದಲ್ಲಿ ಮಾರುವ ಪ್ರತಿ ಗಾಡಿಯ ಬಾನೆಟ್ಟಿನ ಒಳಗೆ ಕನ್ನಡದ ಒಂದು ಸ್ಟಿಕ್ಕರ್ ಅಂಟಿಸಲಿ: ಎಲ್ಲೆಲ್ಲಿ ಯಾವ ದರ್ಜೆಯ ಆಯಿಲ್, ಎಷ್ಟು ಲೀಟರ್, ಎಷ್ಟು ಗಂಟೆಗೆ. ಕೇಂದ್ರವು ಟ್ರ್ಯಾಕ್ಟರಿಗೆ ಕೊಟ್ಟ ಶೇ 5ರ ದರವನ್ನು ಟ್ರ್ಯಾಕ್ಟರ್ ಆಯಿಲಿಗೂ ಕೊಡಲಿ. ಒಂದನ್ನು ಕೃಷಿ ಉಪಕರಣ ಎಂದು ಒಪ್ಪಿ, ಅದು ಓಡಲು ಬೇಕಾದ್ದಕ್ಕೆ ಬೇರೆ ದರ ಹಾಕುವುದರಲ್ಲಿ ತರ್ಕವಿಲ್ಲ.

ಇವೆಲ್ಲ ಆಗುವವರೆಗೆ ಮಾಲೀಕರು ಕಾಯಬೇಕಿಲ್ಲ. ರೋಹಿಣಿ ಮಳೆಗೆ ಮೊದಲು, ಗಾಡಿಗೆ ಬಿಡುವಿರುವಾಗಲೇ, ಮೀಟರಿನ ಗಂಟೆಯನ್ನೂ ಕಳೆದ ಸಲ ಆಯಿಲ್ ಬದಲಿಸಿದ ದಿನಾಂಕವನ್ನೂ ಶೆಡ್ಡಿನ ಗೋಡೆಯ ಮೇಲೆ ಬರೆಯಿರಿ. ನೆನಪಿಲ್ಲದಿದ್ದರೆ ಈಗಲೇ ಬದಲಿಸಿ. ಮೆಕ್ಯಾನಿಕ್ ಬಂದಾಗ ಸೀಟಿನ ಕೆಳಗಿನ ಆಯಿಲ್ ಯಾವುದೆಂದೂ, ಮುಂದಿನ ಆಕ್ಸಲಿನ ಪ್ಲಗ್ ಎಲ್ಲಿದೆಯೆಂದೂ ಕೇಳಿ, ನಿಮ್ಮೆದುರೇ ಬಿಚ್ಚಿಸಿ ನೋಡಿ. ಕಡ್ಡಿಯಲ್ಲಿ ಆಯಿಲ್ ತಾನಾಗಿ ಏರಿದ್ದು ಕಂಡರೆ ಆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ.